ಸಿಡುಬಿನ ಚರಿತ್ರೆ ಮತ್ತು ನಮ್ಮ ಸಂಘಗಳು

ಸಾನಪಾಡಾದ ಕನ್ನಡಿಗರ ಸಭೆಯೊಂದರಲ್ಲಿ ಇತ್ತೀಚೆಗೆ ಭಾಷಣಕಾರರೊಬ್ಬರು, ವೈದ್ಯವಿಜ್ಞಾನವೆಲ್ಲ ನಮ್ಮ ಪೂರ್ವಜರಿಗೆ ಮೊದಲೇ ತಿಳಿದಿತ್ತೆಂದೂ, ಲಸಿಕೆಗಳು ಪರದೇಶೀಯರ ವ್ಯಾಪಾರವೆಂದೂ ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅಂದು ನಾನು ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೂರ್ವಜರಿಗೆ ಏನೂ ತಿಳಿದಿರಲಿಲ್ಲವೆಂದು ನಾನು ಹೇಳುವುದಿಲ್ಲ. ಜೆನ್ನರನಿಗೂ ಮೊದಲೇ ಬಂಗಾಳದ ಟೀಕಾದಾರರು ಸಿಡುಬಿನ ಕೀವನ್ನು ಚುಚ್ಚಿ ರೋಗ ತಡೆಯುತ್ತಿದ್ದರು. ಆದರೆ ಅದರಿಂದ ನಿಜವಾದ ಸಿಡುಬೇ ಹರಡುವ ಅಪಾಯವಿತ್ತು. ಹೆಚ್ಚು ಸುರಕ್ಷಿತವಾದ ಜೆನ್ನರನ ಲಸಿಕೆ ಬಸ್ರಾದಿಂದ ಮುಂಬಯಿಗೆ ಬಂದು, 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನಲ್ಲಿ ಫಲಿಸಿತು. ಭಾರತದಲ್ಲಿ ಅದೇ ಮೊದಲು. ಅಂದು ತೋಳಿನಿಂದ ತೋಳಿಗೆ ಗುಳ್ಳೆಯ ರಸವನ್ನು ದಾಟಿಸಿಯೇ ಲಸಿಕೆಯನ್ನು ಉಳಿಸಿಕೊಳ್ಳಬೇಕಿತ್ತು. ಮಡಿ ಮೈಲಿಗೆಯ ಸಮಾಜ ಇದಕ್ಕೆ ಒಪ್ಪಿದ್ದು ಹೇಗೆ?

1805ರ ಸುಮಾರಿಗೆ ಥಾಮಸ್ ಹಿಕಿ ರಚಿಸಿದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಹೆಣ್ಣುಮಗಳೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆಯ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರರ ವಾದ. 1897ರ ಜನವರಿ 10ರಂದು ಹಾಫ್‌ಕಿನ್ ಪ್ಲೇಗಿನ ಲಸಿಕೆಯನ್ನು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಬಳಿಕ ಆಗಾ ಖಾನರು ತಮ್ಮ ಅನುಯಾಯಿಗಳೆದುರು ಅದನ್ನು ಹಾಕಿಸಿಕೊಂಡರು. ಜನ ನಂಬಿದ್ದು ತಮ್ಮವರು ಮುಂದೆ ನಿಂತಾಗ.

ಇದೇ ನಗರ ಇನ್ನೊಂದು ಪಾಠವನ್ನೂ ಕಲಿಸಿದೆ. ಅದೇ ಪ್ಲೇಗಿನ ಕಾಲದಲ್ಲಿ ಸರಕಾರ ಮನೆಗಳನ್ನು ಶೋಧಿಸಿ ರೋಗಿಗಳನ್ನು ಬಲವಂತವಾಗಿ ಒಯ್ಯತೊಡಗಿತು. 1896ರ ಅಕ್ಟೋಬರಿನಲ್ಲಿ ರೊಚ್ಚಿಗೆದ್ದ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೇ ನುಗ್ಗಿದರು. ಅದನ್ನು ಬರಿಯ ಅಜ್ಞಾನವೆಂದು ಜರೆಯುವವರು ಲಾಠಿಯ ಪಾತ್ರವನ್ನು ಮರೆಯುತ್ತಾರೆ.

2022ರ ಕೊನೆಯಲ್ಲಿ ಖಾಡಿಯಾಚೆಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಆಗ ನಮ್ಮ ಮನೆಯ ಬಳಿ ಕಟ್ಟಡ ಕೆಲಸಕ್ಕೆ ಬಂದಿದ್ದ ಯಾದಗಿರಿಯ ತಾಯಿಯೊಬ್ಬಳು ಮಗುವಿಗೆ ಲಸಿಕೆ ಬೇಡವೆಂದಿದ್ದಳು. ಕಾರಣ ಕೇಳಿದೆ. ‘ಕೂಸಿಗಿ ಜ್ವರ ಬರ್ತಾವಂತ್ರಿ ಅಣ್ಣಾರ, ಕೂಲಿ ಬಿಟ್ಟು ಹ್ಯಾಂಗ ಕೂಡ್ಲಿ?’ ಎಂದಳು. ಲಸಿಕೆಯವರ ಮರಾಠಿ ಅವಳಿಗೆ ಅರ್ಥವಾಗಿರಲಿಲ್ಲ. ಜ್ವರ ಬಂದರೂ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ದಡಾರ ಜೀವವನ್ನೇ ತೆಗೆಯಬಹುದು ಎಂದು ಕನ್ನಡದಲ್ಲಿ ಹೇಳಿದೆ. ಮರುವಾರ ಮಗುವನ್ನೆತ್ತಿಕೊಂಡು ಹೋದಳು. ಅವಳು ಅಡ್ಡಿಯಾಗಿರಲಿಲ್ಲ, ಅವಳ ಭಾಷೆಯಲ್ಲಿ ಮಾತಾಡುವವರು ಇರಲಿಲ್ಲ.

ಹೊರನಾಡ ಕನ್ನಡ ಸಂಘಗಳನ್ನು ನಾನು ಕೇಳುವುದಿಷ್ಟೇ. ಈ ಕಾರ್ಮಿಕರು ನಮ್ಮ ಸದಸ್ಯರ ಪಟ್ಟಿಯಲ್ಲಿಲ್ಲ, ರಾಜ್ಯೋತ್ಸವದ ಮುಂದಿನ ಸಾಲಿನಲ್ಲೂ ಇಲ್ಲ. ಅವರು ಕನ್ನಡಿಗರಲ್ಲವೇ? ಶಾಲು, ಹಾರಗಳ ಖರ್ಚಿನಲ್ಲಿ ಒಂದು ಪಾಲನ್ನು ಕನ್ನಡದ ಆರೋಗ್ಯ ಕರಪತ್ರಗಳಿಗೆ ಮೀಸಲಿಡಿ. ಲಸಿಕೆಯ ದಿನ ಕನ್ನಡ ಬಲ್ಲ ಇಬ್ಬರನ್ನು ಕಾರ್ಮಿಕರ ಶೆಡ್ಡುಗಳಿಗೆ ಕಳುಹಿಸಿ. ಮೈಸೂರಿನ ರಾಣಿ ತೋಳು ತೋರಿಸಿ ಮಾಡಿದ ಕೆಲಸವನ್ನು ನಾವು ಬಾಯಿ ತೆರೆದಾದರೂ ಮಾಡೋಣ. ಅದಾಗದಿದ್ದರೆ ವೇದಿಕೆಯ ಮೇಲೆ ಪೂರ್ವಜರ ಹೆಸರೆತ್ತುವ ಅಧಿಕಾರ ನಮಗಿಲ್ಲ.