ಕ್ಯೂಬಾಕ್ಕೆ ಬಿಡುಗಡೆ ತಂದವರು ಯಾರು?

1898ರಲ್ಲಿ ಅಮೆರಿಕ ಕೈಹಾಕದೇ ಹೋಗಿದ್ದರೆ ಕ್ಯೂಬಾ ಸ್ಪೇನಿನ ಹಿಡಿತದಿಂದ ಬಿಡಿಸಿಕೊಳ್ಳುತ್ತಿರಲಿಲ್ಲ ಎಂಬ ವಾದ ಮತ್ತೆ ಮತ್ತೆ ಅಚ್ಚಾಗುತ್ತದೆ. ಕ್ಯೂಬನ್ನರ ಹೋರಾಟವನ್ನೇ ಅಳಿಸಿಹಾಕುವ ವಾದವಿದು. ದಂಗೆ ಎದ್ದದ್ದು 1895ರ ಫೆಬ್ರವರಿಯಲ್ಲಿ. ಅದನ್ನು ಸಂಘಟಿಸಿದ ಹೊಸೆ ಮಾರ್ತಿ ಮೂರೇ ತಿಂಗಳಲ್ಲಿ ರಣರಂಗದಲ್ಲಿ ಮಡಿದರು. ಅಮೆರಿಕದ ಸೈನಿಕರು ದಡ ಮುಟ್ಟುವ ಹೊತ್ತಿಗೆ ಬಂಡುಕೋರರು ಮೂರು ವರ್ಷ ಕಾದಾಡಿದ್ದರು. ಪೂರ್ವ ಭಾಗದ ಹಳ್ಳಿಗಾಡಿನ ಬಹುಪಾಲು ಅವರ ಕೈಯಲ್ಲಿತ್ತು.

ಮಧ್ಯಪ್ರವೇಶದ ಪರ ನಿಂತವರ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ. ಸ್ಪೇನಿನ ಸೇನಾಧಿಪತಿ ವೇಲರ್ ರೈತಾಪಿ ಜನರನ್ನು ಊರು ಬಿಡಿಸಿ ಕಾವಲಿನ ಪಟ್ಟಣಗಳಿಗೆ ಅಟ್ಟಿದ. ಅಲ್ಲಿ ಹಸಿವು, ರೋಗಗಳಿಗೆ ಲಕ್ಷಕ್ಕೂ ಹೆಚ್ಚು ಮಂದಿ ಬಲಿಯಾದರು. ಅದನ್ನು ಕಂಡೂ ಸುಮ್ಮನಿರಬೇಕಿತ್ತೆಂದು ಯಾರೂ ಹೇಳಲಾರರು. ಆದರೆ ನೆರವಿಗೆ ಬೇರೆ ದಾರಿಯಿತ್ತು: ಬಂಡಾಯದ ಸರ್ಕಾರವನ್ನು ಮಾನ್ಯಮಾಡಿ, ಅದು ಆಯುಧ ಕೊಳ್ಳಲು ಬಿಡುವುದು. ಅಧ್ಯಕ್ಷ ಮೆಕಿನ್ಲಿ ನಿರಾಕರಿಸಿದ್ದು ಆ ಮಾನ್ಯತೆಯನ್ನೇ.

ಯುದ್ಧಕ್ಕಿಳಿಯುವಾಗ ಅಮೆರಿಕದ ಸಂಸತ್ತು ಅಂಗೀಕರಿಸಿದ ಟೆಲ್ಲರ್ ತಿದ್ದುಪಡಿ ದ್ವೀಪವನ್ನು ನುಂಗುವುದಿಲ್ಲವೆಂದು ಮಾತು ಕೊಟ್ಟಿತ್ತು. ನಡೆದದ್ದೇನು? ಸಾಂಟಿಯಾಗೊ ಶರಣಾದಾಗ, ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಬಂಡುಕೋರರ ದಂಡನಾಯಕ ಕ್ಯಾಲಿಕ್ಸ್ಟೊ ಗಾರ್ಸಿಯಾ ಅವರ ಪಡೆಗೆ ನಗರದೊಳಗೆ ಪ್ರವೇಶವೇ ಸಿಗಲಿಲ್ಲ. ಯುದ್ಧ ಮುಗಿಸಿದ 1898ರ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದ ಮಾತುಕತೆಯಲ್ಲಿ ಕ್ಯೂಬಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1902ರವರೆಗೆ ಅಮೆರಿಕದ ಸೇನಾಡಳಿತ. ಅದು ತೊಲಗಲು ಕ್ಯೂಬಾ ತೆತ್ತ ಬೆಲೆ ಪ್ಲಾಟ್ ತಿದ್ದುಪಡಿ. ಅಮೆರಿಕಕ್ಕೆ ಮತ್ತೆ ಮಧ್ಯೆ ಬರುವ ಹಕ್ಕು, ನೌಕಾನೆಲೆಗೆ ಜಾಗ ಎರಡೂ ಅದರಲ್ಲಿದ್ದವು. 1906ರಲ್ಲಿ ಆ ಹಕ್ಕನ್ನು ಚಲಾಯಿಸಿದ್ದೂ ಆಯಿತು. ಹಕ್ಕು ರದ್ದಾದದ್ದು 1934ರಲ್ಲಿ. ಗ್ವಾಂಟಾನಮೊ ನೆಲೆ ಇಂದಿಗೂ ಅಮೆರಿಕದ ವಶದಲ್ಲೇ ಇದೆ.