ಬಾಲಿಯಲ್ಲಿ ಬೇನಾಮಿ ಅಂಗಡಿ

‘ಬಾಲಿ ದ್ವೀಪದಲ್ಲಿ ಹೋಟೆಲು ತೆರೆಯುವುದು ಬಲು ಸುಲಭ, ಅಲ್ಲಿಯವನೊಬ್ಬನ ಹೆಸರಿನಲ್ಲಿ ಕಾಗದಪತ್ರ ಮಾಡಿಸಿಕೊಂಡರೆ ಮುಗಿಯಿತು’ ಎಂಬ ಮಾತು ಈಚೆಗೆ ನಮ್ಮವರ ಬಾಯಲ್ಲೂ ಕೇಳಿಬರುತ್ತಿದೆ. 2023 ಮತ್ತು 2024ರಲ್ಲಿ ಆ ದ್ವೀಪಕ್ಕೆ ಹೋದ ವಿದೇಶಿ ಪ್ರವಾಸಿಗರ ಪೈಕಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದೇ. ನೋಡಲು ಹೋದವರಲ್ಲಿ ಕೆಲವರು ನೆಲೆಯೂರುವ ಕನಸು ಹೊತ್ತು ಮರಳುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಅಲ್ಲಿನ ಉಬುದ್ ಪಟ್ಟಣದಲ್ಲಿ ಸಸ್ಯಾಹಾರಿ ಉಪಾಹಾರ ಗೃಹ ತೆರೆಯುವ ಯೋಚನೆಯಲ್ಲಿದ್ದು, ‘ಸರ್, ಅಲ್ಲಿ ಎಲ್ಲರೂ ಮಾಡುವುದೇ ಹೀಗೆ’ ಎಂದು ಬರೆದಿದ್ದಾನೆ. ಎಲ್ಲರೂ ಮಾಡುತ್ತಾರೆಂಬುದು ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗರು ಹೇಳುವ ಸಮಾಧಾನ. ಪ್ರಾಪ್ತವಯಸ್ಕರಿಗೆ ಅದು ಶೋಭಿಸದು.

ಮೊದಲು ಕಾನೂನನ್ನು ನೋಡೋಣ. ಇಂಡೋನೇಷ್ಯಾದ 1960ರ ಮೂಲ ಭೂ ಕಾಯಿದೆಯ 21ನೆಯ ಕಲಮಿನ ಪ್ರಕಾರ, ವ್ಯಕ್ತಿಗಳಲ್ಲಿ ಆ ದೇಶದ ಪ್ರಜೆಗಳಿಗೆ ಮಾತ್ರ ಭೂಮಿಯ ಪೂರ್ಣ ಒಡೆತನದ ಹಕ್ಕಿದೆ. ನೇರವಾಗಿಯಾಗಲಿ ಸುತ್ತುದಾರಿಯಿಂದಾಗಲಿ ಆ ಹಕ್ಕು ವಿದೇಶಿಯನ ಕೈಸೇರುವಂತೆ ಮಾಡಿದ ವ್ಯವಹಾರ ಅಸಿಂಧು. ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ ಎಂದು 26ನೆಯ ಕಲಮು ಹೇಳುತ್ತದೆ. ಕಂಪನಿಯ ಷೇರುಗಳನ್ನು ಮತ್ತೊಬ್ಬರ ಪರವಾಗಿ ಹಿಡಿದಿರುವುದಾಗಿ ಬರೆದುಕೊಡುವ ಕರಾರನ್ನು 2007ರ ಬಂಡವಾಳ ಹೂಡಿಕೆ ಕಾಯಿದೆಯ 33ನೆಯ ಕಲಮು ಹಾಗೆಯೇ ಅಸಿಂಧುಗೊಳಿಸಿದೆ. ಬೇನಾಮಿ ವ್ಯವಹಾರವನ್ನು 1988ರಲ್ಲಿಯೇ ನಿಷೇಧಿಸಿದ ದೇಶದ ಪ್ರಜೆಗಳಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಕೊಟ್ಟವನು ತೀರಿಕೊಂಡರೆ ಅವನ ಮಕ್ಕಳು ವಾರಸುದಾರರು. ಅವನು ಸಾಲಗಾರನಾದರೆ ನಿಮ್ಮ ಕಟ್ಟಡಕ್ಕೇ ಕುತ್ತು. ಅವನೇ ‘ಇದು ನನ್ನದು’ ಎಂದುಬಿಟ್ಟರೆ ಯಾವ ಕರಾರುಪತ್ರ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುತ್ತೀರಿ? ನ್ಯಾಯಾಲಯದಲ್ಲಿ ತೋರಿಸಲಾಗದ ಕಾಗದಕ್ಕೆ ಜೀವಮಾನದ ಉಳಿತಾಯವನ್ನು ಸುರಿಯುವುದು ವಿವೇಕವೇ? ಇಷ್ಟೇ ಆಗಿದ್ದರೆ ನಷ್ಟ ಅವರವರದೆಂದು ಸುಮ್ಮನಿರಬಹುದಿತ್ತು. ಆದರೆ ಹೆಸರು ಕೊಡುವವನು ಕೆಲವು ಸಂದರ್ಭಗಳಲ್ಲಿ ಕಡಿಮೆ ಆದಾಯದ ಚಾಲಕನೋ ಕೆಲಸಗಾರನೋ ಆಗಿರುತ್ತಾನೆ. ಅಲ್ಪ ಹಣದ ಆಸೆ ತೋರಿಸಿ ಅವನನ್ನು ತನ್ನ ನಾಡಿನ ಕಾನೂನಿಗೇ ಸುಳ್ಳು ಹೇಳುವಂತೆ ಮಾಡುತ್ತೇವೆ. ಈ ಪಾಪದಲ್ಲಿ ನಮ್ಮ ಪಾಲೇ ದೊಡ್ಡದು.

‘ಆ ಕಾನೂನೇ ಸಂಕುಚಿತ; ಹಣ ತರುವ ನಮ್ಮನ್ನು ತಡೆಯುವುದೇಕೆ?’ ಎಂದು ವಾದಿಸುವವರಿದ್ದಾರೆ. ಅವರಿಗೊಂದು ಪ್ರಶ್ನೆ. ವಿದೇಶಿ ಪ್ರಜೆಯೊಬ್ಬ ಬಂದು ಕೊಡಗಿನ ಕಾಫಿ ತೋಟವನ್ನು ಕೊಳ್ಳಲು ನಮ್ಮ ವಿದೇಶಿ ವಿನಿಮಯ ಕಾನೂನು ಅವಕಾಶ ಕೊಡುವುದಿಲ್ಲ. ಅದನ್ನು ನಾವು ಸಂಕುಚಿತವೆನ್ನುತ್ತೇವೆಯೇ? ನಮ್ಮ ನೆಲಕ್ಕೆ ರಕ್ಷಣೆಯೆನಿಸುವುದು ಅವರ ನೆಲದಲ್ಲಿ ಅಡ್ಡಿಯೆನಿಸುವುದು ಯಾವ ನ್ಯಾಯ?

ಬಾಲಿಯ ಮಟ್ಟಿಗಂತೂ ನೆಲದ ಪ್ರಶ್ನೆ ನೀರಿನ ಪ್ರಶ್ನೆಯೂ ಹೌದು. ‘ಸುಬಕ್’ ಎಂಬ ರೈತರ ಸಂಘಗಳು ಶತಮಾನಗಳಿಂದ ಕಾಲುವೆಯ ನೀರನ್ನು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹಂಚಿಕೊಂಡು ಬಂದಿವೆ. ನೀರಿನ ಗುಡಿಗಳೂ ಪೂಜೆಯೂ ಈ ಹಂಚಿಕೆಯ ಭಾಗವೇ. 2012ರಲ್ಲಿ ಯುನೆಸ್ಕೊ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನವನು ಗದ್ದೆ ಮಾರಿ, ಅಲ್ಲಿ ಈಜುಕೊಳವಿರುವ ವಿಲ್ಲಾ ಎದ್ದರೆ ಕೆಳಗಿನವರ ನೀರಿಗೂ ಸಂಚಕಾರ. ಸುಮಾರು 44 ಲಕ್ಷ ಜನರ ದ್ವೀಪಕ್ಕೆ 2024ರಲ್ಲಿ 63 ಲಕ್ಷ ವಿದೇಶಿಯರು ಬಂದರು. ಈ ಒತ್ತಡದ ನಡುವೆ ಒಡೆತನದ ಹಕ್ಕನ್ನೂ ಹರಾಜಿಗಿಟ್ಟರೆ ಅಲ್ಲಿಯ ರೈತನಿಗೆ ಉಳಿಯುವುದೇನು?

‘ನಾವು ಉದ್ಯೋಗ ಕೊಡುತ್ತೇವಲ್ಲ’ ಎಂಬುದು ಮತ್ತೊಂದು ವಾದ. ಕೊಡುತ್ತೀರಿ, ನಿಜ. ಆದರೆ 2019ರಲ್ಲಿ 62 ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರವಾಸಿಗರನ್ನು ಕಂಡಿದ್ದ ಬಾಲಿಗೆ ಕೊರೋನಾದ ದೆಸೆಯಿಂದ 2021ರ ಇಡೀ ವರ್ಷ ಬಂದವರು ನೂರು ಮಂದಿಯೂ ಅಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಸ್ಥಳೀಯರು ಹಳ್ಳಿಗೆ ಮರಳಿ ಗದ್ದೆಗಿಳಿದರು. ನೆರೆಯ ನುಸಾ ಲೆಂಬೊಂಗನ್ ದ್ವೀಪದವರು ಕಡಲಪಾಚಿಯ ಬೇಸಾಯಕ್ಕೆ ಹಿಂತಿರುಗಿದರು. ಹೋಟೆಲಿನ ಸಂಬಳ ನಿಂತ ದಿನ ಅನ್ನ ಕೊಟ್ಟದ್ದು ಮಾರದೆ ಉಳಿಸಿಕೊಂಡ ನೆಲ ಮತ್ತು ನೀರು.

ಹಾಗಾದರೆ ಹೊರಗಿನವನು ಅಲ್ಲಿ ವ್ಯಾಪಾರವನ್ನೇ ಮಾಡಬಾರದೇ? ಧಾರಾಳವಾಗಿ ಮಾಡಬಹುದು, ರಾಜಮಾರ್ಗ ತೆರೆದೇ ಇದೆ. ವಿದೇಶಿ ಬಂಡವಾಳದ ಕಂಪನಿಯನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಬಹುದು. ಅಂಥ ಕಂಪನಿಯ ಹೂಡಿಕೆ ಸಾಮಾನ್ಯವಾಗಿ ಜಮೀನು, ಕಟ್ಟಡಗಳನ್ನು ಬಿಟ್ಟು 1,000 ಕೋಟಿ ರುಪಿಯಾ, ಅಂದರೆ ನಮ್ಮ ಐದು ಕೋಟಿ ರೂಪಾಯಿಗೂ ಮೇಲಿರಬೇಕು. ಸಣ್ಣಪುಟ್ಟ ಅಂಗಡಿಗಳು ಸ್ಥಳೀಯರಿಗೇ ಉಳಿಯಲೆಂಬುದು ಇದರ ಆಶಯ. ಕಟ್ಟಡಕ್ಕಾಗಿ ಭೂಮಿಯನ್ನು ಬಳಸುವ ಹಕ್ಕು ಕಂಪನಿಗೆ ಮೊದಲು 30 ವರ್ಷಗಳವರೆಗೆ ದೊರೆಯುತ್ತದೆ. ಅದನ್ನು ಮುಂದುವರಿಸಲೂ ಬರುತ್ತದೆ. ಗೇಣಿಗೂ ಪಡೆಯಬಹುದು. ಪ್ರವಾಸಿ ವೀಸಾದಲ್ಲಿ ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವಂತಿಲ್ಲ. ಐದು ಕೋಟಿ ಇಲ್ಲದವನು ಅಲ್ಲಿಯವರ ಹೋಟೆಲಿಗೆ ಸಂಬಳದ ಅಡುಗೆಯವನಾಗಿ, ಕೆಲಸದ ಪರವಾನಗಿ ಪಡೆದು ಹೋಗಲಿ. ಅದೂ ಸಾಧ್ಯವಾಗದಿದ್ದರೆ ಇಲ್ಲಿಯೇ ಹೋಟೆಲು ತೆರೆಯಲಿ. ಇಡ್ಲಿ ತಿನ್ನುವವರಿಗೆ ನಮ್ಮ ಊರುಗಳಲ್ಲೇನೂ ಬರಗಾಲವಿಲ್ಲ.

ಬಾಲಿಯಲ್ಲಿ ವರ್ಷಕ್ಕೊಮ್ಮೆ ‘ನ್ಯೆಪಿ’ ಎಂಬ ಮೌನದ ದಿನ ಬರುತ್ತದೆ. ಅಂದು ದೀಪ ಹಚ್ಚುವುದಿಲ್ಲ, ಬೀದಿಯಲ್ಲಿ ಯಾರೂ ಓಡಾಡುವಂತಿಲ್ಲ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಪ್ರವಾಸಿಗರಿಂದಲೇ ಬದುಕುವ ದ್ವೀಪ ಪ್ರವಾಸಿಗರನ್ನೂ ಒಂದು ದಿನ ಒಳಗೆ ಕೂರಿಸುತ್ತದೆ. ಮನೆಯ ನಿಯಮವನ್ನು ಮನೆಯವರೇ ಮಾಡುತ್ತಾರೆಂಬುದನ್ನು ಇದಕ್ಕಿಂತ ಸೌಜನ್ಯದಿಂದ ಹೇಳಲು ಸಾಧ್ಯವೇ? ಅತಿಥಿಯಾಗಿ ಹೋಗಿ, ಬಾಡಿಗೆದಾರನಾಗಿ ನಿಂತು, ನ್ಯಾಯವಾಗಿ ದುಡಿಯುವುದರಲ್ಲಿ ಯಾವ ಅವಮಾನವೂ ಇಲ್ಲ. ಬೇರೆಯವರ ಹೆಸರಿನ ಹಿಂದೆ ಅಡಗಿ ಯಜಮಾನನಾಗುವುದರಲ್ಲಿದೆ.