ಆಡಿ ಮುಗಿಸಿದ ಮೇಲೆ ಕೇಳುವವರಾರು?

ಕಾರ್ಲ್‌ಟನ್ ಚಾಪ್‌ಮನ್ ಎಂಬ ಹೆಸರನ್ನು ಶಿರಸಿ ತಾಲೂಕಿನ ದಾಸನಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿರುವ ಹದಿನೈದರ ಹುಡುಗನೊಬ್ಬನ ಮುಂದೆ ಹೇಳಿದರೆ ಆತ ಗುರುತಿಸಿಯಾನೇ? ಅನುಮಾನ. ಮೆಸ್ಸಿ ಯಾವ ಕ್ಲಬ್ಬಿಗೆ ಹೋದ, ರೊನಾಲ್ಡೊ ಎಷ್ಟು ಗೋಲು ಹೊಡೆದ ಎಂಬುದನ್ನು ಆತ ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಆದರೆ ಇದೇ ಕರ್ನಾಟಕದಲ್ಲಿ ಹುಟ್ಟಿ, ಭಾರತ ತಂಡವನ್ನು ಮುನ್ನಡೆಸಿ, ದೇಶದ ಮೂಲೆ ಮೂಲೆಯಲ್ಲಿ ಮಕ್ಕಳಿಗೆ ಚೆಂಡಾಟ ಕಲಿಸಿ, 2020ರ ಅಕ್ಟೋಬರ್ 12ರಂದು ತನ್ನ 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಆಟಗಾರನ ಹೆಸರು ಆತನಿಗೆ ಗೊತ್ತಿಲ್ಲ. ತಪ್ಪು ಆ ಹುಡುಗನದ್ದಲ್ಲ. ಆತನಿಗೆ ಯಾರು ಹೇಳಿದ್ದಾರೆ?

ಚಾಪ್‌ಮನ್ ನಮ್ಮ ಸಮುದಾಯದವರಲ್ಲ, ಅವರ ಬಗ್ಗೆ ಈ ಪುಟದಲ್ಲೇಕೆ ಎಂದು ಯಾರಾದರೂ ಕೇಳಬಹುದು. ಕೇಳಲಿ. ನಮ್ಮ ಮನೆಗಳಲ್ಲಿ ಶಾಲೆಯ ಚೀಲ ಎಸೆದು ಚೆಂಡು ಹಿಡಿದು ಗದ್ದೆಗೆ ಓಡುವ ಮಕ್ಕಳಿದ್ದಾರೆ. 'ಈ ಆಟದಿಂದ ಹೊಟ್ಟೆ ತುಂಬುತ್ತದೆಯೇ?' ಎಂದು ಅವರನ್ನು ಗದರುವ ತಂದೆಯಂದಿರಿದ್ದಾರೆ. ಆ ತಂದೆಯಂದಿರ ಪ್ರಶ್ನೆಗೆ ಚಾಪ್‌ಮನ್‌ರ ಬದುಕಿನಲ್ಲಿ ಒಂದು ಉತ್ತರವಿದೆ. ಅದು ಯಾರಿಗೂ ಹಿತವಾಗುವ ಉತ್ತರವಲ್ಲ.

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಚಾಪ್‌ಮನ್, ಆಸ್ಟಿನ್ ಟೌನಿನ ಹುಡುಗ. ಕಬ್ಬಿಣ ಉಕ್ಕಿನ ಕಂಪೆನಿಯೊಂದು ಜಮ್ಶೆಡ್‌ಪುರದಲ್ಲಿ 1987ರಲ್ಲಿ ತೆರೆದ ಟಾಟಾ ಫುಟ್ಬಾಲ್ ಅಕಾಡೆಮಿ ಅವರನ್ನು ಆಯ್ದುಕೊಂಡಿತು. 1993ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಈ ಬೆಂಗಳೂರು ಹುಡುಗನದ್ದು. ಆತ ಮುಂಚೂಣಿಯ ಆಟಗಾರನೂ ಆಗಿರಲಿಲ್ಲ, ಮಧ್ಯ ಮೈದಾನದವನು ಎಂಬುದನ್ನು ಇಲ್ಲಿ ಗಮನಿಸಬೇಕು. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದರು. ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಜೊತೆಗೂಡಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್ ಗೆದ್ದರು. 1997ರಲ್ಲಿ ಸಾಫ್ ಕಪ್ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. ನಂತರ ಒಂದು ಋತುವಿನ ಮಟ್ಟಿಗೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.

ಆಗ ಅವರ ವಯಸ್ಸು ಮೂವತ್ತು.

ಮೂವತ್ತು ಎಂದರೆ ಏನು? ವಕೀಲನಿಗೆ ಮೊದಲ ದೊಡ್ಡ ಕೇಸು ಸಿಗುವ ವಯಸ್ಸು. ವೈದ್ಯ ತನ್ನ ಹೆಸರಿನ ಫಲಕ ತೂಗುಹಾಕುವ ವಯಸ್ಸು. ನಮ್ಮೂರುಗಳ ಹುಡುಗರು ಗಲ್ಫ್‌ನಲ್ಲಿ ಒಂದೆರಡು ವೀಸಾ ಮುಗಿಸಿ, ಊರಲ್ಲಿ ಮನೆಯ ಪಾಯ ಹಾಕುವ ವಯಸ್ಸು. ಫುಟ್ಬಾಲಿಗನಿಗೆ ಮಾತ್ರ ಅದು ಮುಗಿಯುವ ವಯಸ್ಸು. ಬದುಕಿನ ಇನ್ನರ್ಧ ಆತನ ಮುಂದೆ ಖಾಲಿಯಾಗಿ ಬಿದ್ದಿರುತ್ತದೆ.

ಚಾಪ್‌ಮನ್ ಆ ಖಾಲಿ ಜಾಗವನ್ನು ತರಬೇತಿಯಿಂದ ತುಂಬಿದರು. ತಾನು ಕಲಿತ ಟಾಟಾ ಅಕಾಡೆಮಿಗೇ ಮರಳಿ ಕಲಿಸತೊಡಗಿದರು. ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕಲ್ಕತ್ತಾದ ಭವಾನಿಪುರ, ದೆಹಲಿಯ ಸುದೇವ, ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಸ್. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಜಾರ್ಖಂಡ್, ಮೇಘಾಲಯ, ಬಂಗಾಳ, ದೆಹಲಿ, ಕೇರಳ! ಭಾರತ ತಂಡದ ಮಾಜಿ ನಾಯಕನೊಬ್ಬ ಪಾಠ ಹೇಳಲು ಊರೂರು ಅಲೆದರು. ಅವರ ತವರು ರಾಜ್ಯದ ಸರಕಾರವಾಗಲಿ, ಕ್ರೀಡಾ ಇಲಾಖೆಯಾಗಲಿ ಅವರ ಮುಂದೆ ಒಂದು ಮೈದಾನ ಮತ್ತು ನೂರು ಮಕ್ಕಳನ್ನಿಟ್ಟು, 'ಇನ್ನು ಇಪ್ಪತ್ತು ವರ್ಷ ಇವರು ನಿಮ್ಮವರು' ಎಂದು ಹೇಳಿದ್ದನ್ನು ನಾವು ಕೇಳಿಲ್ಲ. ಆದರೆ ತೀರಿಕೊಂಡ ದಿನ ಎಲ್ಲರೂ ಕಂಬನಿ ಮಿಡಿದರು. ಶ್ರದ್ಧಾಂಜಲಿಗೆ ಬಜೆಟ್‌ನಲ್ಲಿ ಹಣ ತೆಗೆದಿಡಬೇಕಾಗಿಲ್ಲವಷ್ಟೇ.

ಹಿಂದೆ ಹೀಗಿರಲಿಲ್ಲ ಎಂದರೆ ಪೂರ್ತಿ ಸತ್ಯವಾಗದು. ಆದರೆ ಆಟಗಾರನಿಗೆ ಒಂದು ಆಸರೆಯಂತೂ ಇತ್ತು. ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಕಾರ್ಖಾನೆಗಳು ಫುಟ್ಬಾಲ್ ತಂಡಗಳನ್ನು ಸಾಕುತ್ತಿದ್ದುವು. ಅಲ್ಲಿ ಆಟಗಾರನೆಂದರೆ ನೌಕರ. ಕಾಲು ಸೋತರೂ ಸಂಬಳ ನಿಲ್ಲುತ್ತಿರಲಿಲ್ಲ, ಅರುವತ್ತರ ವರೆಗೆ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು. ವೃತ್ತಿಪರತೆ ಬಂತು. ನೌಕರಿಯ ಜಾಗದಲ್ಲಿ ಗುತ್ತಿಗೆ ಬಂತು. ಹೆಚ್ಚು ದುಡ್ಡು ಬಂತು, ನಿಜ. ಆದರೆ ಆ ದುಡ್ಡಿಗೆ ಆಯುಷ್ಯವೆಷ್ಟು? ವೃತ್ತಿಪರ ಕ್ಲಬ್ ಎಂದು 1997ರಲ್ಲಿ ಎದೆತಟ್ಟಿಕೊಂಡು ಹುಟ್ಟಿದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಮುಚ್ಚಿತು. ಮೊದಲ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಅದು ಹಳೆಯ ಕಾಲ ಎನ್ನುವಿರಾ? 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಾರಣ, ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ಅನಿಶ್ಚಿತವಾಗಿತ್ತು. ಸುನೀಲ್ ಚೆಟ್ರಿ ಇರುವ ತಂಡದ ಪಾಡೇ ಹೀಗಾದರೆ, ದಾಸನಕೊಪ್ಪದ ಹುಡುಗನಿಗೆ ನಾವು ಯಾವ ಧೈರ್ಯದಲ್ಲಿ 'ಆಡು ಮಗಾ' ಎನ್ನೋಣ?

ಆದ್ದರಿಂದ ಗದರುವ ತಂದೆಯ ಪ್ರಶ್ನೆ ತಪ್ಪಲ್ಲ. ಕೇಳಿದ್ದು ಮಾತ್ರ ತಪ್ಪು ವ್ಯಕ್ತಿಯಲ್ಲಿ. ಹೊಟ್ಟೆಯ ಪ್ರಶ್ನೆಯನ್ನು ಹದಿನೈದರ ಮಗನಲ್ಲಿ ಕೇಳಿ ಪ್ರಯೋಜನವೇನು? ಕೇಳಬೇಕಾದದ್ದು ಕ್ರೀಡಾ ಇಲಾಖೆಯಲ್ಲಿ, ಫುಟ್ಬಾಲ್ ಸಂಸ್ಥೆಯಲ್ಲಿ, ಮತ್ತು ಸ್ವತಃ ನಮ್ಮಲ್ಲಿ.

ನಮ್ಮಲ್ಲಿ ಯಾಕೆಂದರೆ, ಹೆಮ್ಮೆ ಪಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದುದನ್ನು ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದನ್ನು, 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದನ್ನು ಹೇಳಿದರೆ ಇನ್ನೂ ಜೋರು ಚಪ್ಪಾಳೆ. (ಆ ಪಂದ್ಯದಲ್ಲಿ ಭಾರತ 10-1ರಿಂದ ಸೋತಿತ್ತು ಎಂಬುದನ್ನು ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ.) ಆದರೆ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಬಂಗಾಳಿಗಳು ಎದೆಗೊತ್ತಿಕೊಂಡ ಅದೇ ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದಾಗ ನಮ್ಮ ಎಷ್ಟು ಸಂಘಗಳು ಒಂದು ಸಭೆ ಕರೆದವು? ಸತ್ತ ಆಟಗಾರನನ್ನು 'ನಮ್ಮವ' ಎನ್ನುವುದು ಸುಲಭ. ಬದುಕಿರುವ, ಆಡಿ ಮುಗಿಸಿದ, ಕೆಲಸವಿಲ್ಲದ ಆಟಗಾರ ನಮ್ಮದೇ ಬೀದಿಯಲ್ಲಿದ್ದರೆ 'ಅವನೊಬ್ಬ ಆಟದ ಹುಚ್ಚ' ಎನ್ನುತ್ತೇವೆ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ತರಬೇತುದಾರನೆಂದರೆ ಕೊರಳಲ್ಲಿ ಶೀಟಿ ತೂಗುಹಾಕಿಕೊಂಡು ಗದ್ದೆಯಂಚಿನಲ್ಲಿ ನಿಂತು ಕೂಗುವ ಮಾಜಿ ಆಟಗಾರ ಎಂದು ನಮ್ಮವರು ಭಾವಿಸಿದ್ದಾರೆ. ಚೆನ್ನಾಗಿ ಆಡಿದವನೆಲ್ಲ ಚೆನ್ನಾಗಿ ಕಲಿಸುತ್ತಾನೆ ಎಂಬುದು ಚೆನ್ನಾಗಿ ಓದಿದವನೆಲ್ಲ ಒಳ್ಳೆಯ ಉಸ್ತಾದ್ ಆಗುತ್ತಾನೆ ಎಂದಂತೆ. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ, 1956ರ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೇ ಸ್ಥಾನಕ್ಕೇರಿಸಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು ಪದವೀಧರ, ಶಾಲಾ ಮೇಷ್ಟ್ರು. ಕಲಿಸುವ ವಿದ್ಯೆಯನ್ನು ಅವರು ತರಗತಿಯಿಂದ ಮೈದಾನಕ್ಕೆ ಒಯ್ದರು. 2024ರಲ್ಲಿ ಅವರ ಬಗ್ಗೆ ಹಿಂದಿ ಸಿನಿಮಾ ಬಂದಾಗಲೇ ನಮ್ಮ ಅನೇಕರಿಗೆ ಅವರ ಹೆಸರು ತಿಳಿದದ್ದು ಎಂಬುದನ್ನು ಒಪ್ಪಿಕೊಳ್ಳೋಣ.

ಈಗಂತೂ ಈ ವಿದ್ಯೆಗೆ ಪರೀಕ್ಷೆಗಳಿವೆ. ಡಿ ದರ್ಜೆಯ ಪರವಾನಗಿಯಿಂದ ಆರಂಭಿಸಿ ಸಿ, ಬಿ, ಎ, ಕೊನೆಗೆ ಪ್ರೊ ಪರವಾನಗಿ. ಒಂದೊಂದಕ್ಕೂ ಶುಲ್ಕ ಕಟ್ಟಬೇಕು, ಊರು ಬಿಟ್ಟು ಹೋಗಬೇಕು, ಓದಬೇಕು, ಬರೆಯಬೇಕು, ಮಕ್ಕಳನ್ನು ನಿಲ್ಲಿಸಿ ಕಲಿಸಿ ತೋರಿಸಬೇಕು. ಎಸೆಸೆಲ್ಸಿಗೇ ಓದು ಬಿಟ್ಟ ಆಟಗಾರ ಈ ಏಣಿಯ ಎಷ್ಟನೇ ಮೆಟ್ಟಿಲಿನ ವರೆಗೆ ಏರಿಯಾನು? 'ಆಡಬೇಕಾದರೆ ಓದು ಬಿಡು' ಎನ್ನುವ ಕ್ಲಬ್ಬೂ, 'ಓದಬೇಕಾದರೆ ಆಟ ಬಿಡು' ಎನ್ನುವ ಮನೆಯೂ ಸೇರಿ ಆತನ ಉತ್ತರಾರ್ಧವನ್ನು ಕಸಿದುಕೊಳ್ಳುತ್ತವೆ.

ಏಣಿ ಏರಿದವರಿಲ್ಲವೇ? ಇದ್ದಾರೆ. ಖಾಲಿದ್ ಜಮೀಲ್‌ರನ್ನು ನೋಡಿ. ಕುವೈತ್‌ನಲ್ಲಿ ಹುಟ್ಟಿ, ಮುಂಬೈಯ ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ, ಮುಂಬೈ ಎಫ್‌ಸಿ ತಂಡಗಳಲ್ಲಿ ಆಡಿದವರು. ಆಟಗಾರರಾಗಿ ಚಾಪ್‌ಮನ್‌ರಷ್ಟು ಹೆಸರು ಮಾಡಿದವರಲ್ಲ. 2009ರಲ್ಲಿ ತಾನು ಆಡಿದ ಮುಂಬೈ ಎಫ್‌ಸಿಯಲ್ಲೇ ಕೋಚ್ ಆದರು. 2017ರಲ್ಲಿ ಮಿಜೋರಾಮಿನ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆಲ್ಲಿಸಿದರು. 2025ರ ಆಗಸ್ಟ್‌ನಲ್ಲಿ, ಅಂದರೆ ಬೆಂಗಳೂರಿನಲ್ಲಿ ವೇತನ ನಿಂತ ಅದೇ ತಿಂಗಳಲ್ಲಿ, ಅವರನ್ನು ಭಾರತ ತಂಡದ ಮುಖ್ಯ ಕೋಚ್ ಆಗಿ ನೇಮಿಸಲಾಯಿತು. 13 ವರ್ಷಗಳ ಬಳಿಕ ಭಾರತೀಯನೊಬ್ಬನಿಗೆ ಆ ಸ್ಥಾನ ದಕ್ಕಿತ್ತು. ಮುಂದೆ 2027ರ ಏಷ್ಯನ್ ಕಪ್‌ಗೆ ಭಾರತ ಅರ್ಹತೆ ಪಡೆಯಲಿಲ್ಲ ಎಂಬುದೂ ನಿಜ. ಸೋತ ಕೋಚನ್ನು ಟೀಕಿಸಲು ದೇಶದಲ್ಲಿ ಜನರಿಗೇನೂ ಕೊರತೆಯಿಲ್ಲ, ನಾವು ಆ ಸಾಲಿಗೆ ಸೇರಬೇಕಾಗಿಲ್ಲ. ಆದರೆ ಖಾಲಿದ್‌ರನ್ನು ತೋರಿಸಿ 'ನೋಡಿ, ಎಲ್ಲರಿಗೂ ದಾರಿಯಿದೆ' ಎನ್ನುವವರಿಗೆ ನಮ್ಮದೊಂದು ಪ್ರಶ್ನೆ: ಮೇಲಿನ ಒಂದು ಕುರ್ಚಿಯನ್ನು ತೋರಿಸಿ ಸಾವಿರ ಆಟಗಾರರನ್ನು ಸಮಾಧಾನಪಡಿಸಬಹುದೇ? ಕುರ್ಚಿಗಳಿರಬೇಕಾದದ್ದು ಕೆಳಗೆ. ತಾಲೂಕಿನಲ್ಲಿ, ಹೋಬಳಿಯಲ್ಲಿ, ಸರಕಾರಿ ಪ್ರೌಢಶಾಲೆಯಲ್ಲಿ.

2023ರ ಮಾರ್ಚ್ 4ರಂದು ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಬಳಿಕ! ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಇದೇ ಮೊದಲು. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ನಗರ ಅದು. ಐವತ್ತನಾಲ್ಕು ವರ್ಷ ಈ ರಾಜ್ಯದಲ್ಲಿ ಕಾಲಿಗೆ ಬಲವಿರುವ ಹುಡುಗರು ಹುಟ್ಟಲೇ ಇಲ್ಲವೇ? ಹುಟ್ಟಿದರು. ಅವರಿಗೆ ಹತ್ತನೇ ವಯಸ್ಸಿನಲ್ಲಿ ಚೆಂಡನ್ನು ನಿಲ್ಲಿಸುವುದು ಹೇಗೆ, ಯಾವ ಕಾಲಿನಲ್ಲಿ, ತಲೆಯೆತ್ತಿ ಯಾರತ್ತ ನೋಡಿ ಎಂದು ಹೇಳಿಕೊಡುವವರು ಇರಲಿಲ್ಲ. ಹೇಳಿಕೊಡಬಲ್ಲವರು ಕಾರ್ಖಾನೆಯಲ್ಲೋ, ಆಟೊ ಸ್ಟ್ಯಾಂಡಿನಲ್ಲೋ, ಇಲ್ಲವೇ ಚಾಪ್‌ಮನ್‌ರಂತೆ ಪರರಾಜ್ಯದಲ್ಲೋ ಇದ್ದರು.

ಅಷ್ಟಕ್ಕೂ ದುಡ್ಡಿಲ್ಲ ಎಂಬ ಮಾತನ್ನು ನಾವು ನಂಬುವುದಿಲ್ಲ. ಕರಾವಳಿಯಿಂದ ಘಟ್ಟದ ಮೇಲಿನ ವರೆಗೆ ಬೇಸಿಗೆ ಬಂತೆಂದರೆ ಹೊನಲು ಬೆಳಕಿನ ಪಂದ್ಯಾವಳಿಗಳ ಸುಗ್ಗಿ. ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಅಲ್ಲಲ್ಲಿ ಫುಟ್ಬಾಲ್. ಜನರೇಟರ್, ಧ್ವನಿವರ್ಧಕ, ಆಳೆತ್ತರದ ಟ್ರೋಫಿ, ಶಾಸಕರಿಗೆ ಹಾರ, ಹೊರಗಿನಿಂದ ಬಾಡಿಗೆಗೆ ಕರೆಸಿದ ಆಟಗಾರರು. ಬೆಳಗಾದರೆ ಗದ್ದೆಯಲ್ಲಿ ಉಳಿಯುವುದು ಪ್ಲಾಸ್ಟಿಕ್ ಲೋಟ. ನಮ್ಮ ಯುವಕ ಸಂಘಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆ ಒಂದು ರಾತ್ರಿಯ ಖರ್ಚಿನಲ್ಲಿ ಊರಿನ ಇಬ್ಬರು ಯುವಕರನ್ನು ಡಿ ಪರವಾನಗಿಯ ತರಬೇತಿಗೆ ಕಳುಹಿಸಬಹುದು. ಮರಳಿ ಬಂದವರು ವಾರಕ್ಕೆ ಮೂರು ಸಂಜೆ ಶಾಲೆಯ ಮೈದಾನದಲ್ಲಿ ಎಲ್ಲ ಜಾತಿ ಧರ್ಮಗಳ ಮಕ್ಕಳಿಗೆ ಕಲಿಸಲಿ, ಅವರಿಗೆ ತಿಂಗಳ ಗೌರವಧನವನ್ನು ಸಂಘ ಕೊಡಲಿ. ಪಾಠ ಬಿಟ್ಟು ಬಂದ ಮಗುವನ್ನು ಮೈದಾನಕ್ಕೆ ಸೇರಿಸಬಾರದೆಂಬ ನಿಯಮವಿರಲಿ. ಇದನ್ನು ಕಂಡ ಮೇಲೆ ಕ್ರೀಡಾ ಇಲಾಖೆಯ ಬಾಗಿಲು ಬಡಿಯುವ ಹಕ್ಕು ನಮಗೆ ಬರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಂಘಟಕರು ಮುಂದಿನ ಪಂದ್ಯಾವಳಿಯ ಕರಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ತಮ್ಮ ಖರ್ಚಿನ ಪಟ್ಟಿಯನ್ನೊಮ್ಮೆ ಬಿಡಿಸಿ ನೋಡಲಿ. ದೀಪಕ್ಕೆ ಎಷ್ಟು, ಟ್ರೋಫಿಗೆ ಎಷ್ಟು, ಹಾರಕ್ಕೆ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಕಲಿಸುವವನಿಗೆ ಎಷ್ಟು ಎಂಬ ಸಾಲು ಅದರಲ್ಲಿದೆಯೇ?